ಕಾಲ್ನಡಿಗೆಯ ಬಸವನಗುಡಿ

(ನಿವಾಸಿಗಳ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಬಸವನಗುಡಿಯ ಬಗ್ಗೆ ಬಸವನಗುಡಿಯವರ ಮುಂದೆಯೇ ಮಾತನಾಡುವುದು ಕೊಂಚ ಅಧಿಕಪ್ರಸಂಗ. ಆದರೂ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಬೆಂಗಳೂರು ನಾಲ್ಕೂ ದಿಕ್ಕಿಗೆ ಬೆಳೆಯುತ್ತಿದೆ. ನಿನ್ನೆಯ ಹಳ್ಳಿಗಳು ಇಂದಿನ ಬಡಾವಣೆಗಳಾಗಿವೆ. ಹೀಗಿರುವಾಗ ಊರಿನ ಒಳಸುತ್ತಿನಲ್ಲಿ ಉಳಿದುಹೋದ ಹಳೆಯ ಬಡಾವಣೆಯ ಬಲ ಯಾವುದು? ಹೊಸ ಬಡಾವಣೆಗಳನ್ನು ಅನುಕರಿಸಿದರೆ ಆ ಬಲ ಹೆಚ್ಚೀತೇ, ಕರಗೀತೇ?

ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಪೇಟೆಯ ಇಕ್ಕಟ್ಟಿನಿಂದಾಚೆಗೆ ಬಸವನಗುಡಿ ಹಾಗೂ ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. 1898ರಲ್ಲಿ ಪ್ಲೇಗ್ ಬಂದಾಗ ಅವುಗಳ ಅಗತ್ಯ ಎಲ್ಲರಿಗೂ ಮನವರಿಕೆಯಾಯಿತು. ನೇರವಾದ ರಸ್ತೆ, ಸಾಲುಮರ, ಮನೆಯ ಸುತ್ತ ಗಾಳಿ ಬೆಳಕಿಗೆ ಜಾಗ, ಇವೆಲ್ಲ ಆರೋಗ್ಯದ ದೃಷ್ಟಿಯಿಂದ ಬಂದವು. ಅದು ಮನೆಗೊಂದು ಕಾರಿದ್ದ ಕಾಲವಲ್ಲ. ಶಾಲೆಯಾಗಲಿ, ಗುಡಿಯಾಗಲಿ, ಸಂತೆಯಾಗಲಿ, ಜನ ನಡೆದೇ ತಲಪಬೇಕಿತ್ತು.

ಅದರ ಫಲವನ್ನು ಇಂದಿಗೂ ಕಾಣಬಹುದು. 1917ರಲ್ಲಿ ಆರಂಭವಾದ ನ್ಯಾಷನಲ್ ಹೈಸ್ಕೂಲು, 1943ರ ವಿದ್ಯಾರ್ಥಿ ಭವನ, ಡಿ.ವಿ.ಜಿ. ಅವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಅದೇ ವರ್ಷ ಬಿ.ಪಿ. ವಾಡಿಯಾ ಅವರು ಕಟ್ಟಿದ ವಿಶ್ವ ಸಂಸ್ಕೃತಿ ಸಂಸ್ಥೆ, ದೊಡ್ಡ ಬಸವಣ್ಣ, ಕಹಳೆ ಬಂಡೆ, ಗಾಂಧಿ ಬಜಾರಿನ ಹೂವಿನ ಸಾಲು. ಒಂದು ಸಂಜೆಯ ನಡಿಗೆಯಲ್ಲಿ ಇಷ್ಟನ್ನೂ ನೋಡಿ ಬರಬಹುದು. ಇವುಗಳಲ್ಲಿ ಯಾವುದೋ ಒಂದು ಬಸವನಗುಡಿಯ ವಿಶೇಷವಲ್ಲ. ಇವೆಲ್ಲ ಒಂದರ ಮಗ್ಗುಲಲ್ಲಿ ಇನ್ನೊಂದು ಇರುವುದೇ ಅದರ ವಿಶೇಷ. ದೋಸೆಗೆಂದು ಬಂದವರು ಮಲ್ಲಿಗೆ ಕೊಳ್ಳುತ್ತಾರೆ, ಉಪನ್ಯಾಸಕ್ಕೆ ಬಂದವರು ತರಕಾರಿ ಹಿಡಿದು ಮನೆಗೆ ಹೋಗುತ್ತಾರೆ.

ಕಡಲೆಕಾಯಿ ಪರಿಷೆಯನ್ನೇ ನೋಡಿ. ಬೆಳೆ ತಿನ್ನುತ್ತಿದ್ದ ಬಸವನನ್ನು ಒಲಿಸಿಕೊಳ್ಳಲು ಸುಂಕೇನಹಳ್ಳಿ, ಮಾವಳ್ಳಿ, ಗವಿಪುರ ಮುಂತಾದ ಹಳ್ಳಿಗಳ ರೈತರು ಮೊದಲ ಬೆಳೆಯನ್ನು ಅರ್ಪಿಸತೊಡಗಿದರೆಂಬುದು ಐತಿಹ್ಯ. ಆ ಹೊಲಗಳು ಎಂದೋ ಮನೆಗಳಾದವು. ಆದರೂ ಕಾರ್ತಿಕ ಮಾಸದ ಕೊನೆಯ ಸೋಮವಾರ ದೂರದ ಜಿಲ್ಲೆಗಳಿಂದ, ನೆರೆ ರಾಜ್ಯಗಳಿಂದ ಕಡಲೆಕಾಯಿ ಮೂಟೆಗಳು ಇಲ್ಲಿಗೇ ಬರುತ್ತವೆ. ಹೊಲ ಹೋದರೂ ಪರಿಷೆ ಉಳಿದದ್ದು ಹೇಗೆ? ರಸ್ತೆಯನ್ನು ವಾಹನದಿಂದ ಬಿಡಿಸಿ ಜನರಿಗೂ ವ್ಯಾಪಾರಿಗಳಿಗೂ ಕೊಡುವ ರೂಢಿಯನ್ನು ಈ ಊರು ಬಿಡಲಿಲ್ಲ. ವರ್ಷಕ್ಕೊಮ್ಮೆ ಸಾಧ್ಯವಾದದ್ದು ದಿನವೂ ಸ್ವಲ್ಪಮಟ್ಟಿಗೆ ಏಕೆ ಸಾಧ್ಯವಾಗಬಾರದು?

ಇಲ್ಲಿಯೇ ನಮಗೆ ಪರೀಕ್ಷೆ ಎದುರಾಗುವುದು. ಗಾಂಧಿ ಬಜಾರ್ ಮುಖ್ಯರಸ್ತೆಯನ್ನು ಪಾದಚಾರಿಗಳಿಗೆ ಅನುಕೂಲವಾಗುವಂತೆ ಬದಲಿಸುವ ಕಾಮಗಾರಿ 2023ರಲ್ಲಿ ನಡೆದಾಗ, ಅಲ್ಲಿನ ವ್ಯಾಪಾರಿಗಳೇ ಆತಂಕಪಟ್ಟರು. ಅಗಲವಾದ ಕಾಲುದಾರಿ ಒಳ್ಳೆಯದೇ. ಆದರೆ ಆ ಕಾಲುದಾರಿಯಲ್ಲಿ ಹೂವಿನಾಕೆಗೆ ಜಾಗವಿಲ್ಲದಿದ್ದರೆ ಜನ ಅಲ್ಲಿಗೆ ನಡೆದು ಬರುವುದಾದರೂ ಯಾತಕ್ಕೆ? ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆಗಾಗಿ 2014ರಲ್ಲಿ ಬಂದ ಕೇಂದ್ರ ಕಾಯ್ದೆ ಈ ಮಾತನ್ನು ಒಪ್ಪುತ್ತದೆ. ವ್ಯಾಪಾರಿಗಳ ಸಮೀಕ್ಷೆ ನಡೆಸಿ ಅವರಿಗೆ ಪ್ರಮಾಣಪತ್ರ ಕೊಡಬೇಕು, ಪಟ್ಟಣ ಮಾರಾಟ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಾಗಿರಬೇಕು ಎನ್ನುತ್ತದೆ ಕಾನೂನು. ಅದನ್ನು ಜಾರಿಗೆ ತನ್ನಿ ಎಂದು ಕೇಳುವ ಹೊಣೆ ವ್ಯಾಪಾರಿಗಳದ್ದಷ್ಟೇ ಅಲ್ಲ, ಅವರ ಗಿರಾಕಿಗಳಾದ ನಮ್ಮದೂ ಹೌದು.

ಎರಡನೆಯ ಮಾತು ಮನೆಗಳದ್ದು. ಹಳೆಯ ಮನೆಗಳು ಕೆಡವಲ್ಪಟ್ಟು ಆ ಜಾಗದಲ್ಲಿ ಮಹಡಿಗಳು ಏಳುತ್ತಿವೆ. ಎಲ್ಲವನ್ನೂ ಹಾಗೆಯೇ ಉಳಿಸಿ ಎನ್ನಲು ನನಗೆ ಅಧಿಕಾರವಿಲ್ಲ. ವಯಸ್ಸಾದವರು ದೊಡ್ಡ ಮನೆಯನ್ನು ನೋಡಿಕೊಳ್ಳುವ ಕಷ್ಟ ನಿಮಗೇ ಗೊತ್ತು. ಹೆಚ್ಚು ಕುಟುಂಬಗಳು ಬಂದರೆ ಶಾಲೆ, ಅಂಗಡಿಗಳಿಗೂ ಲಾಭವೇ. ಆದರೆ ಅಂಗಳದ ಮರ ಉರುಳಿ, ಕಾಲುದಾರಿ ಕಾರು ನಿಲ್ಲಿಸುವ ಜಾಗವಾದರೆ, ಬಂದ ಕುಟುಂಬವೂ ಇಲ್ಲಿ ನಡೆಯಲಾರದು.

ಮೂರನೆಯದು ಮೆಟ್ರೊ. 2017ರ ಜೂನ್‌ನಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣ ತೆರೆದಾಗಿನಿಂದ ಇಡೀ ನಗರಕ್ಕೆ ಬಸವನಗುಡಿ ಹತ್ತಿರವಾಗಿದೆ. ನಿಲ್ದಾಣದಿಂದ ಬಜಾರಿಗೆ, ಬಜಾರಿನಿಂದ ಬಂಡೆಗೆ ಒಬ್ಬ ಅಜ್ಜಿ ಎಡವದೆ ನಡೆಯುವಂತಿದ್ದರೆ, ಅದಕ್ಕಿಂತ ದೊಡ್ಡ ಅಭಿವೃದ್ಧಿ ಯೋಜನೆ ಬೇಕಿಲ್ಲ.

ಹೊಸ ಬಡಾವಣೆಗಳು ಕೋಟಿಗಟ್ಟಲೆ ಸುರಿದು ಪಡೆಯಲು ಹೆಣಗುತ್ತಿರುವುದು ನಿಮಗೆ ಹಿರಿಯರಿಂದ ಬಳುವಳಿಯಾಗಿ ಬಂದಿದೆ. ಪಾಲಿಕೆಯವರು ಮುಂದಿನ ಬಾರಿ ನಕ್ಷೆ ಹಿಡಿದು ಬಂದಾಗ, ಕಾರು ಎಷ್ಟು ಬೇಗ ಸಾಗೀತು ಎಂದು ಕೇಳಬೇಡಿ. ಇಲ್ಲಿ ಯಾರು ನಡೆಯುತ್ತಾರೆ, ಯಾರು ಕೂತು ಮಾರುತ್ತಾರೆ ಎಂದು ಕೇಳಿ.