ಋಣವೋ ಧನವೋ

ತ್ರಿಕೋನಮಿತಿ ಎಂಬ ಹೆಸರು ಕೇಳಿದೊಡನೆ ರೇಡಿಯೋದ ಕಿವಿ ಹಿಂಡಲು ಕೈ ಚಾಚುವವರು ಅನೇಕರಿದ್ದಾರೆಂಬುದನ್ನು ಬಲ್ಲೆ. ಅವರಲ್ಲಿ ನನ್ನದೊಂದು ವಿನಂತಿ: ಸ್ವಲ್ಪ ತಾಳಬೇಕು. ನಾನು ಹೇಳಹೊರಟಿರುವುದು ಶಾಲೆಯ ಮಕ್ಕಳನ್ನು ಕಾಡುತ್ತ ಬಂದಿರುವ ಒಂದೇ ಒಂದು ಪ್ರಶ್ನೆಯ ಸಂಗತಿ. ಕೋನವೊಂದರ ಒಂದು ಅನುಪಾತ ತಿಳಿದಿದೆ, ಉಳಿದ ಐದನ್ನೂ ಕಂಡುಹಿಡಿಯಿರಿ ಎಂಬುದು ಅದರ ಮುಖ್ಯ ಭಾಗ. ಕೋನವು ವೃತ್ತದ ನಾಲ್ಕು ಪಾದಗಳಲ್ಲಿ ಇಂಥದರಲ್ಲಿದೆ ಎಂಬುದು ಕೊನೆಗೆ ಅಂಟಿಸಿದ ಬಾಲಂಗೋಚಿ. ಮಕ್ಕಳು ಬಾಲಂಗೋಚಿಯನ್ನು ಓದುವುದಿಲ್ಲ. ಪಟ ಗೋತಾ ಹೊಡೆಯುತ್ತದೆ.

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯಲ್ಲಿ ಶಿರಗುಪ್ಪಿ ಎಂಬ ಊರಿದೆ. ನಾನು ಕೆಲವು ವರ್ಷ ಅಲ್ಲಿಯ ಮಕ್ಕಳಿಗೆ ಗಣಿತ ಹೇಳಿದವನು. ಸುತ್ತಲೂ ಎರೆಭೂಮಿ, ಕಣ್ಣಿಗೆ ಅಡ್ಡವಿಲ್ಲದ ಬಯಲು. ಈ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಕರಿಹಲಗೆ ಬೇಕಿರಲಿಲ್ಲ. ನೀವು ಊರ ನಡುವೆ ನಿಂತಿದ್ದೀರೆಂದು ಭಾವಿಸಿ. ಅಲ್ಲಿಂದ ನೇರವಾಗಿ 500 ಮಾರು ದೂರದಲ್ಲಿ ಒಂದು ಬನ್ನಿಯ ಮರ. ನೀವು ನಿಂತ ಠಾವಿಗಿಂತ ಅದು 300 ಮಾರು ಉತ್ತರಕ್ಕಿದೆ. ಪೂರ್ವದಿಕ್ಕಿನಿಂದ ಕೋನವನ್ನು ಅಳೆಯುತ್ತ ಎಡಕ್ಕೆ ತಿರುಗುವುದು ವಾಡಿಕೆ. ಹಾಗೆ ಅಳೆದ ಕೋನದ ಸೈನ್ 3/5. ಇನ್ನು ಕೊಸೈನ್ ಬೇಕು. 500ರ ವರ್ಗದಿಂದ 300ರ ವರ್ಗವನ್ನು ಕಳೆದು ಮೂಲ ತೆಗೆದರೆ 400 ಬರುತ್ತದೆ. ಸರಿ, 400 ಮಾರು ಯಾವ ಕಡೆಗೆ? ಗದಗಿನ ಕಡೆಗೋ, ಹುಬ್ಬಳ್ಳಿಯ ಕಡೆಗೋ? ಪೈಥಾಗೊರಸನ ಪ್ರಮೇಯ ಇಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ.

ಎರಡು ಕಡೆಗೂ ಒಂದೊಂದು ಮರವಿರಬಹುದು. ಪೂರ್ವವನ್ನೂ ಉತ್ತರವನ್ನೂ ಧನವೆಂದು, ಪಶ್ಚಿಮವನ್ನೂ ದಕ್ಷಿಣವನ್ನೂ ಋಣವೆಂದು ಎಣಿಸಿದರೆ, ಗದಗಿನ ಕಡೆಯ ಮರ ಮೊದಲನೆಯ ಪಾದದ್ದು. ಅದರ ಕೊಸೈನ್ 4/5. ಹುಬ್ಬಳ್ಳಿಯ ಕಡೆಯದು ಎರಡನೆಯ ಪಾದದ್ದು. ಕೊಸೈನ್ ಋಣ 4/5, ಟ್ಯಾಂಜೆಂಟ್ ಋಣ 3/4. ಉಳಿದ ಮೂರು ಇವುಗಳನ್ನು ತಲೆಕೆಳಗು ಮಾಡಿದರೆ ಬಂದಾವು, ಅದಕ್ಕೆ ನನ್ನ ಉಪದೇಶ ಬೇಡ. ಹೆಚ್ಚು ಕಪಟಿಯೆಂದರೆ ಟ್ಯಾಂಜೆಂಟು. ಅದು 3/4 ಎಂದಷ್ಟೇ ಹೇಳಿದರೆ ಮರ ಈಶಾನ್ಯದ ಹೊಲದಲ್ಲಿಯೂ ಇರಬಹುದು, ನೈಋತ್ಯದ ಹೊಲದಲ್ಲಿಯೂ ಇರಬಹುದು. ನೈಋತ್ಯದಲ್ಲಿ ಸೈನ್, ಕೊಸೈನ್ ಎರಡೂ ಋಣ. ಒಂದನ್ನೊಂದು ಭಾಗಿಸಿದಾಗ ಎರಡು ಋಣಗಳೂ ಸದ್ದಿಲ್ಲದೆ ಅಳಿಸಿಹೋಗುತ್ತವೆ.

ಧನಸಂಖ್ಯೆಯ ವರ್ಗಮೂಲಕ್ಕೆ ಎರಡು ಮುಖಗಳುಂಟೆಂಬುದು ನಮ್ಮ ನಾಡಿಗೆ ಹೊಸ ಮಾತಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಧನದ ವರ್ಗವೂ ಋಣದ ವರ್ಗವೂ ಧನವೇ; ಆದಕಾರಣ ಮೂಲ ಧನವೂ ಆಗಬಹುದು, ಋಣವೂ ಆಗಬಹುದು. ಋಣಸಂಖ್ಯೆಗೆ ಮೂಲವೇ ಇಲ್ಲವೆಂಬ ಮಾತನ್ನೂ ಅವನು ಜೊತೆಗೇ ಸೇರಿಸಿದ್ದಾನೆ. ಎರಡು ಮೂಲಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದನ್ನು ಮಾತ್ರ ಲೆಕ್ಕದ ಹೊರಗಿನಿಂದಲೇ ತಿಳಿಯಬೇಕು. ಪಾದವನ್ನು ಹೇಳುವುದು ಅದಕ್ಕಾಗಿ.

ನಮ್ಮ ಜ್ಯೋತಿಷಿಗಳು ಈ ತೊಡಕನ್ನು ಬಿಡಿಸಿಕೊಂಡ ಬಗೆ ನನಗೆ ಬಹಳ ಹಿಡಿಸುತ್ತದೆ. ಸೂರ್ಯಸಿದ್ಧಾಂತದ ಜ್ಯಾಕೋಷ್ಟಕದಲ್ಲಿರುವುದು 24 ಜ್ಯಾಗಳು ಮಾತ್ರ. ವೃತ್ತದ ಕಾಲುಭಾಗಕ್ಕೆ ಸಾಕಾಗುವಷ್ಟು. ತ್ರಿಜ್ಯೆ 3438. ಭುಜಜ್ಯೆಯ ವರ್ಗವನ್ನು ತ್ರಿಜ್ಯೆಯ ವರ್ಗದಿಂದ ಕಳೆದು ಮೂಲ ತೆಗೆದರೆ ಕೋಟಿಜ್ಯೆ. ಕೋನವು ಒಂದನೆಯ ಅಥವಾ ಮೂರನೆಯ ಪಾದದಲ್ಲಿದ್ದರೆ ಆ ಪಾದದಲ್ಲಿ ಕಳೆದುಹೋದ ಭಾಗದಿಂದ, ಎರಡನೆಯ ಅಥವಾ ನಾಲ್ಕನೆಯದರಲ್ಲಿದ್ದರೆ ಇನ್ನೂ ಉಳಿದ ಭಾಗದಿಂದ ಭುಜಜ್ಯೆಯನ್ನು ತೆಗೆಯಬೇಕು. ಹೀಗೆ ಒಂದೇ ಕಾಲುವೃತ್ತ ನಾಲ್ಕಕ್ಕೂ ದುಡಿಯುತ್ತದೆ. ಜ್ಯೆ ಬರಿಯ ಉದ್ದ. ಋಣ-ಧನಗಳ ನಿರ್ಣಯ ಬೇರೆ. ಗ್ರಹದ ಕೇಂದ್ರವು, ಅಂದರೆ ಉಚ್ಚಕ್ಕೂ ಗ್ರಹಕ್ಕೂ ನಡುವಿನ ಅಂತರವು, ಮೇಷಾದಿ ಆರು ರಾಶಿಗಳಷ್ಟರೊಳಗೆ ಇದ್ದರೆ ಸಂಸ್ಕಾರ ಧನ. ತುಲಾದಿ ಆರರಲ್ಲಿದ್ದರೆ ಋಣ.

ಇದೇನು ಪಂಡಿತರ ಚಪಲವೆಂದು ತಿಳಿಯಬೇಡಿ. ಚಂದ್ರನ ಸರಾಸರಿ ಸ್ಥಾನಕ್ಕೆ ಕೂಡಿಸಬೇಕಾದ ಅಥವಾ ಕಳೆಯಬೇಕಾದ ಈ ಸಂಸ್ಕಾರ ಅತಿ ಹೆಚ್ಚೆಂದರೆ ಸುಮಾರು 5 ಅಂಶ. ಕೂಡಿಸಬೇಕಾದಲ್ಲಿ ಕಳೆದರೆ ವ್ಯತ್ಯಾಸ ಇಮ್ಮಡಿಯಾಗಿ 10 ಅಂಶವಾಯಿತು. ಸೂರ್ಯನಿಗೂ ಚಂದ್ರನಿಗೂ ನಡುವಣ ಅಂತರ 12 ಅಂಶ ಬೆಳೆದರೆ ಒಂದು ತಿಥಿ. ಜ್ಯೆಯನ್ನು ಕೋಷ್ಟಕದಿಂದ ಕೂದಲೆಳೆಯಷ್ಟೂ ತಪ್ಪದೆ ಎತ್ತಿದ ಪಂಚಾಂಗಕರ್ತನು ಪಾದವೊಂದನ್ನು ತಪ್ಪಾಗಿ ಹಿಡಿದನಾದರೆ, ತಿಥಿ ಹೆಚ್ಚುಕಡಿಮೆ ಒಂದು ದಿನ ಅತ್ತಿತ್ತ ಸರಿದು, ಅವನನ್ನು ನಂಬಿದ ಊರಿನವರು ದಶಮಿಯ ದಿನ ಉಪವಾಸವಿದ್ದು ಏಕಾದಶಿಯ ದಿನ ಪಾಯಸ ಉಣ್ಣುತ್ತಾರೆ.