ಹಾಡಿಗೆಂದು ಕೂತವರು
(ಸುವರ್ಣ ಮಹೋತ್ಸವದ ಎರಡನೆಯ ದಿನ ಮಾಡಿದ ಭಾಷಣ)



ಮಾಹಿತಿ ಮತ್ತು ಮನರಂಜನೆ ಬಗ್ಗೆ ನಾಲ್ಕು ಮಾತಾಡಿ ಎಂದಿದ್ದಾರೆ ಮುಖ್ಯೋಪಾಧ್ಯಾಯರು. ಇವೆರಡೂ ಬೆರೆತದ್ದು ಟಿ.ವಿ. ಬಂದ ಮೇಲೆ ಎಂದು ತಿಳಿಯಬೇಡಿ. ಕೀರ್ತನಕಾರರು ಪುರಾಣದ ನಡುವೆ ಉಪಕಥೆ ಹೇಳಿ ನಗಿಸುತ್ತಿದ್ದುದೂ ಇದೇ. ಬೆರಕೆಯ ಬಗ್ಗೆ ನನ್ನ ತಕರಾರಿಲ್ಲ.

ಈ ಶಾಲೆ ಹುಟ್ಟಿದ ಕಾಲಕ್ಕೇ ನಮ್ಮ ಭಾಗಕ್ಕೆ ಟಿ.ವಿ. ಬಂತು. 1975ರ ಆಗಸ್ಟ್ 1ರಿಂದ ಒಂದು ವರ್ಷ ‘ಸೈಟ್’ ಎಂಬ ಪ್ರಯೋಗ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದರು. ಕರ್ನಾಟಕದಲ್ಲಿ ಆ ಅದೃಷ್ಟ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳದು. ಬೆಂಗಳೂರಿನಲ್ಲೇ ಆಗ ದೂರದರ್ಶನ ಇರಲಿಲ್ಲ ಎಂದರೆ ನನ್ನ ಮೊಮ್ಮಗ ನಂಬುವುದಿಲ್ಲ! ತಂತಿಬಲೆಯ ದೊಡ್ಡ ಬುಟ್ಟಿಯಂಥ ಆಂಟೆನಾ, ಶಾಲೆಯ ಕಟ್ಟೆಯ ಮೇಲೆ ಪೆಟ್ಟಿಗೆ, ಅಂಗಳದ ತುಂಬ ಜನ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ; ನಡುವೆ ಹಾಡು, ನಾಟಕ. ಹಾಡಿಗೆಂದು ಕೂತವರು ಗೊಬ್ಬರದ ಮಾತನ್ನೂ ಕೇಳಿಯೇ ಏಳಬೇಕಿತ್ತು. ಗೊಬ್ಬರ ಬಂದಾಗ ಬೀಡಿ ಸೇದಲು ಎದ್ದು ಹೋದವರೂ ಇದ್ದರು, ಸುಳ್ಳು ಯಾಕೆ ಹೇಳಲಿ. ಆದರೆ ಗೊಬ್ಬರವನ್ನು ಕತ್ತರಿಸಿ ಹಾಡನ್ನಷ್ಟೇ ಪಕ್ಕದೂರಿಗೆ ಕಳಿಸುವ ಉಪಾಯ ಯಾರ ಕೈಯಲ್ಲೂ ಇರಲಿಲ್ಲ.

ಈಗ ಎಲ್ಲರ ಕೈಯಲ್ಲೂ ಇದೆ.

ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ಒಂದು ಕಿರುಚಿತ್ರ ಮಾಡಿದ್ದರು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕೊನೆಗೆ ಅವರೇ ಮರಳಿ ಬಂದು ಮಗುವನ್ನು ಇಳಿಸಿ, ಮಕ್ಕಳನ್ನು ಜೋಪಾನ ಮಾಡಿ ಎಂದು ಫಲಕ ತೋರಿಸುತ್ತಾರೆ. ನೋಡಿಸಿಕೊಂಡು ಹೋಗಲೆಂದು ಸಿನಿಮಾದಂತೆ ತೆಗೆದ ತಿಳಿವಳಿಕೆ ಅದು. ಯಾರೋ ಆ ಕೊನೆಯನ್ನೇ ಕತ್ತರಿಸಿದರು. ಉಳಿದ ತುಣುಕು ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿಯಾಗಿ 2018ರಲ್ಲಿ ನಮ್ಮ ದೇಶದ ಮೊಬೈಲುಗಳಲ್ಲಿ ಓಡಾಡಿತು. ಅದೇ ಜುಲೈನಲ್ಲಿ, ಇಂಥದೇ ವದಂತಿಗಳ ನಡುವೆ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜನ ಹೊರಗಿನಿಂದ ಬಂದ ಯುವಕರನ್ನು ಮಕ್ಕಳ ಕಳ್ಳರೆಂದು ಹೊಡೆದರು. ಹೈದರಾಬಾದಿನ ಒಬ್ಬ ಇಂಜಿನಿಯರ್ ಸತ್ತ. ಅವರು ಮಾಡಿದ್ದು ಮಕ್ಕಳಿಗೆ ಚಾಕಲೇಟು ಕೊಟ್ಟದ್ದು.

ಮುರ್ಕಿ ನಮಗೆ ದೂರದ ಊರಲ್ಲ. ಹೊಡೆದವರೂ ಶಾಲೆ ಕಲಿತವರೇ ಇದ್ದಾರು.

ಆದ್ದರಿಂದ ಮುಖ್ಯೋಪಾಧ್ಯಾಯರಲ್ಲಿ ಒಂದು ಬೇಡಿಕೆ. ಶನಿವಾರ ಅರ್ಧ ತಾಸು, ಮಕ್ಕಳು ತಮ್ಮ ಮನೆಯ ಮೊಬೈಲಿಗೆ ಬಂದ ಒಂದು ವಿಡಿಯೋ ಹೇಳಲಿ. ಅದರ ಮೊದಲು ಕೊನೆ ಎಲ್ಲಿದೆ, ಮಾಡಿದವರು ಯಾರು ಎಂದು ಎಲ್ಲರೂ ಕೂಡಿ ಹುಡುಕಲಿ. ಪ್ರೊಜೆಕ್ಟರನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಕೊಡಿಸುತ್ತೇವೆ. ಕರೆಂಟಿನ ಹೊಣೆ ಮಾತ್ರ ನಿಮ್ಮದು, ಸರ್.