ಆಟಕ್ಕೆ ತಕ್ಕ ಅಗಲದ ಪರದೆ

ಕಂಪ್ಯೂಟರಿನಲ್ಲಿ ಆಟವಾಡಲು ಅಗಲ ಪರದೆಯ ಮಾನಿಟರು ಬೇಕೆಂದು ಮಕ್ಕಳು ಕೇಳಿದಾಗ, ಹಿರಿಯರಾದ ನೀವು ಮೊದಲು ಬೆಲೆ ವಿಚಾರಿಸುವುದು ಸಹಜವೇ. ಆದರೆ ಅದಕ್ಕೂ ಮೊದಲು ವಿಚಾರಿಸಬೇಕಾದುದು ಮನೆಯಲ್ಲಿರುವ ಕಂಪ್ಯೂಟರಿನ ಶಕ್ತಿಯನ್ನು.

ಅಂಗಡಿಯವರು ಹೇಳುವ ಅಂಗುಲವು ಮೂಲೆಯಿಂದ ಮೂಲೆಗೆ ಅಳೆದದ್ದು. ಅಗಲಕ್ಕೂ ಎತ್ತರಕ್ಕೂ 21:9ರ ಪ್ರಮಾಣವುಳ್ಳ 29 ಅಂಗುಲದ ಪರದೆ, 16:9ರ ಪ್ರಮಾಣದ 23 ಅಂಗುಲದ ಸಾಮಾನ್ಯ ಪರದೆಯಷ್ಟೇ ಎತ್ತರವಿರುತ್ತದೆ. ಹೆಚ್ಚುವುದು ಅಗಲ ಮಾತ್ರ.

ಪರದೆಯ ಚಿತ್ರವೆಲ್ಲ ಪಿಕ್ಸೆಲ್ ಎಂಬ ಚುಕ್ಕೆಗಳಿಂದಾದುದು. ಅಡ್ಡಕ್ಕೆ 1920, ಎತ್ತರಕ್ಕೆ 1080 ಎಂದರೆ ಸುಮಾರು 21 ಲಕ್ಷ ಚುಕ್ಕೆಗಳಾದವು. 2560×1080 ಎಂದರೆ ಸುಮಾರು 28 ಲಕ್ಷ. 3440×1440 ಎಂದರೆ ಸುಮಾರು 50 ಲಕ್ಷ. ಒಂದೊಂದು ಚಿತ್ರಕ್ಕೂ ಗ್ರಾಫಿಕ್ಸ್ ಕಾರ್ಡು ಇಷ್ಟನ್ನೂ ಲೆಕ್ಕಹಾಕಬೇಕು. ಬಡ ಎತ್ತಿಗೆ ತುಂಬಿದ ಗಾಡಿ ಕಟ್ಟಿದರೆ ಏನಾದೀತು? ಆಟ ತಡವರಿಸುತ್ತದೆ, ಕೊನೆಗೆ ಹೊಸ ಕಾರ್ಡಿಗೂ ಹಣ ತೆರಬೇಕಾಗುತ್ತದೆ.

ಇನ್ನು ವೇಗದ ಮಾತು. 60 ಹರ್ಟ್ಸ್ ಎಂದರೆ ಸೆಕೆಂಡಿಗೆ 60 ಬಾರಿ ಚಿತ್ರ ಬದಲಾಗುತ್ತದೆಂದು ಅರ್ಥ. 144 ಹರ್ಟ್ಸ್ ಇದ್ದರೆ ಓಟದ ಆಟಗಳು ನಯವಾಗಿ ಕಾಣುತ್ತವೆ. ಆದರೆ ಅಷ್ಟು ಚಿತ್ರಗಳನ್ನು ಕಾರ್ಡು ಒದಗಿಸಬೇಕಷ್ಟೆ.

ಆದುದರಿಂದ ಸಾಧಾರಣ ಕಂಪ್ಯೂಟರಿಗೆ 24 ಅಂಗುಲದ, 1920×1080ರ ಪರದೆಯೇ ಯುಕ್ತ. ಅಗಲವೇ ಬೇಕೆಂದರೆ 29 ಅಂಗುಲದ, 2560×1080ರದನ್ನು ನೋಡಿರಿ. ಕೆಲವು ಆಟಗಳಲ್ಲಿ ಅದರ ಎರಡು ಬದಿಗಳೂ ಕಪ್ಪಾಗಿಯೇ ಉಳಿಯುತ್ತವೆ. ಮಕ್ಕಳು ಆಡುವ ಆಟ ಯಾವುದೆಂದು ಮೊದಲೇ ಕೇಳಿಕೊಳ್ಳಿರಿ. 34 ಅಂಗುಲದ್ದು ಬಲವಾದ ಕಾರ್ಡು ಉಳ್ಳವರಿಗೆ.

ಮನೆಗೆ ತಂದ ಮೇಲೆ ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗನ್ನು ತೆರೆದು ನೋಡಲು ಮರೆಯದಿರಿ. ಎಷ್ಟೋ ವೇಳೆ ವೇಗವು 60ರಲ್ಲಿಯೇ ನಿಂತಿರುತ್ತದೆ. ಕೊಟ್ಟ ಹಣದ ಫಲ ಕಣ್ಣಿಗೆ ಕಾಣಬೇಕಲ್ಲವೇ?